ಮರವಲ್ಲದ ಅಕ್ಷರಗಳು

೧೧-೧೧-೧೯೮೯, ಶನಿವಾರ

ಕಾಪುವಿನ ಭಾಷಣ ಸ್ಪರ್ಧೆಯಲ್ಲಿ ಇಂದು ನೆರೆಮನೆಯ ಲೊರ್ನಾಳಿಗೆ ಬಹುಮಾನ ತಪ್ಪಿತು. ಐರ್ಲೆಂಡಿನ ಪ್ರಾಚೀನ ಓಘಂ ಲಿಪಿಯ ಅಕ್ಷರಗಳಿಗೆಲ್ಲ ಮರಗಳ ಹೆಸರಿಲ್ಲ ಎಂದದ್ದೇ ಅವಳ ತಪ್ಪಂತೆ! 'ಬೆಯ್ತ್' ಭೂರ್ಜವೃಕ್ಷ, ನಿಜ. ಆದರೆ 'ಮುಯಿನ್' ಎಂದರೆ ಕತ್ತು, 'ಗೊರ್ತ್' ಎಂದರೆ ಹೊಲ. ಎಲ್ಲವನ್ನೂ ಮರ ಮಾಡಿದ್ದು ನಂತರದ ಪಂಡಿತರು.

ಅದರಲ್ಲಿ ತಪ್ಪೇನು ಎಂದು ಎದ್ದು ನಿಂತು ಕೇಳಿದೆ. "ಎಲ್ಲ ಮರಗಳೇ ಅಂತ ದಪ್ಪ ಪುಸ್ತಕದಲ್ಲೇ ಉಂಟಲ್ಲ ಶೆಟ್ರೇ" ಎಂದರು ತೀರ್ಪುಗಾರ ಉಮಾನಾಥರು. ಹತ್ತು ವರ್ಷದ ಹಿಂದೆ ನಾನು ಇದೇ ತಕರಾರು ಎತ್ತಿದಾಗಲೂ ಅವರದು ಇದೇ ಉತ್ತರ.

"ನಮ್ಮ ಬಾಲಪಾಠದಲ್ಲಿ ಆನೆ ಉಂಟು, ಇಲಿ ಉಂಟು. ಅಷ್ಟಕ್ಕೇ ಅಕ್ಷರಮಾಲೆಯೆಲ್ಲ ಪ್ರಾಣಿಗಳಾ? 'ಈ' ಅಕ್ಷರಕ್ಕೆ ಈಟಿ ಉಂಟಲ್ಲ, ಅದಕ್ಕೆ ಎಷ್ಟು ಕಾಲು ಮಾರಾಯ್ರೆ?" ಎಂದೆ.

ಸಭೆ ನಕ್ಕಿತು. ತೀರ್ಪು ಬದಲಾಗಲಿಲ್ಲ.

ಬಸ್ಸಿನಲ್ಲಿ ಲೊರ್ನಾ, "ಮುಂದಿನ ವರ್ಷವೂ ಇದನ್ನೇ ಹೇಳ್ತೇನೆ ಅಂಕಲ್" ಎಂದಳು. ಹೇಳಲಿ. ಉಮಾನಾಥರೇ ತೀರ್ಪಿಗೆ ಕೂರಲಿ. ನಾನಂತೂ ಮುಂದಿನ ಸಾಲಿನಲ್ಲೇ ಕೂರುತ್ತೇನೆ.