ಸರಿ ಉತ್ತರಕ್ಕೊಂದು ಮಾತ್ರೆ

ಮೊದಲ ಪ್ರಯತ್ನದಲ್ಲೇ ಎಲ್ಲವನ್ನೂ ಪಾಸು ಮಾಡಿರುವ ನರ್ಸಿಂಗ್ ಪ್ರವೇಶ ಸಮಿತಿಯ ಮಾನ್ಯ ಅಧ್ಯಕ್ಷರೇ,

ನರ್ಸಿಂಗ್ ಓದಲು ನಾನು ಹಾಕಿದ್ದ ಅರ್ಜಿಯನ್ನು ತಾವು ತಿರಸ್ಕರಿಸಿದ್ದೀರಿ. ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ನಾನು ಮೊದಲ ಪ್ರಯತ್ನದಲ್ಲಿ ಪಾಸು ಮಾಡಲಿಲ್ಲ ಎಂಬುದು ಕಾರಣ. ಎರಡನೆಯದರಲ್ಲೂ ಮಾಡಲಿಲ್ಲ. ಮೂರನೆಯದರಲ್ಲಿ ಮಾಡಿದೆ, ಒಳ್ಳೆಯ ಅಂಕವೂ ಬಂತು. ಆದರೆ ಮೂರರವರೆಗೆ ಎಣಿಸುವ ವ್ಯವಧಾನ ತಮ್ಮ ಸಮಿತಿಗೆ ಇರಲಿಲ್ಲವೆಂದು ಕಾಣುತ್ತದೆ. ‘ಶೈಕ್ಷಣಿಕ ನಿರಂತರತೆಯ ಕೊರತೆ’ ಎಂದು ಷರಾ ಬರೆದು ಕೈತೊಳೆದುಕೊಂಡಿರಿ. ಅದನ್ನು ಓದಿ ಹೇಳಿದಾಗ ಅಮ್ಮ ಗಾಬರಿಯಾಗಿ, “ಅಯ್ಯೋ, ಅದಕ್ಕೆ ಔಷಧಿ ಏನಾದ್ರೂ ಇದೆಯಂತಾ?” ಎಂದಳು.

ನನ್ನ ನಪಾಸಿನ ಹಿಂದೆ ಕಣ್ಣೀರಿನ ಕತೆಯೇನೂ ಇಲ್ಲ. ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದರು, ಹೊಟ್ಟೆ ತುಂಬ ಊಟವಿತ್ತು, ಓದಲು ಮೇಜು ಕುರ್ಚಿಯೂ ಇದ್ದವು. ರಸಾಯನಶಾಸ್ತ್ರ ತಲೆಗೆ ಹತ್ತಲಿಲ್ಲ, ಅಷ್ಟೇ. ಎರಡನೇ ಸಲವೂ ಡುಮ್ಕಿ ಹೊಡೆದಾಗ, ಲಾರಿ ರಿಪೇರಿ ಮಾಡುವ ಅಪ್ಪ ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ, “ಸ್ಟಾರ್ಟ್ ಆಗ್ಲಿಲ್ಲ ಅಂತ ಯಾರಾದ್ರೂ ಗಾಡೀನ ಗುಜರಿಗೆ ಹಾಕ್ತಾರಾ? ಸ್ವಲ್ಪ ದಿನ ಬೇರೆ ಏನಾದ್ರೂ ಮಾಡು ಮಗಳೇ” ಎಂದರು. ಹಾಗಾಗಿ ನಮ್ಮ ಬೀದಿಯ ಕೊನೆಯಲ್ಲಿರುವ ವೃದ್ಧರ ಆರೈಕೆ ಕೇಂದ್ರಕ್ಕೆ ಸಹಾಯಕಿಯಾಗಿ ಸೇರಿದೆ. ಹಾಸಿಗೆ ಬದಲಿಸುವುದು, ಸ್ನಾನ ಮಾಡಿಸುವುದು, ಯಾರ ಮಾತೂ ಕೇಳದವರನ್ನು ಪುಸಲಾಯಿಸುವುದು ನನ್ನ ಕೆಲಸ.

ಯಾರ ಮಾತೂ ಕೇಳದವರಲ್ಲಿ ಅಗ್ರಗಣ್ಯರು ನಮ್ಮ ಮೇಷ್ಟ್ರು. ಆಯುಷ್ಯವಿಡೀ ಕಲಿಸಿದ್ದು, ನನ್ನ ಗ್ರಹಚಾರ ನೋಡಿ, ರಸಾಯನಶಾಸ್ತ್ರ! ಬಿಪಿ ಮಾತ್ರೆ ಕಂಡರೆ ಬಾಯಿ ಬಿಗಿದುಕೊಳ್ಳುತ್ತಿದ್ದರು. ಕೇಂದ್ರದ ನರ್ಸನ್ನು ನಾವೆಲ್ಲ ದೊಡ್ಡ ಸಿಸ್ಟರ್ ಎನ್ನುತ್ತೇವೆ. ಅವರೂ ಗದರಿಸಿ ಸೋತಿದ್ದರು. ನಾನು ನಪಾಸಾದವಳೆಂಬ ಸುದ್ದಿ ಮೇಷ್ಟ್ರ ಕಿವಿಗೆ ಬಿದ್ದದ್ದೇ ತಡ, ಹೊಸ ಕಾನೂನು ಹೊರಟಿತು.

“ಒಂದು ಪ್ರಶ್ನೆ ಕೇಳ್ತೀನಿ. ಸರಿ ಉತ್ತರ ಹೇಳಿದ್ರೆ ಮಾತ್ರೆ ನುಂಗ್ತೀನಿ. ತಪ್ಪಾದ್ರೆ ಇಲ್ಲ.”

“ಮೇಷ್ಟ್ರೇ, ಬಿಪಿ ಏರೋದು ನಿಮ್ದು!”

“ಹಾಗಾದ್ರೆ ಸರಿಯಾಗಿ ಓದ್ಕೊಂಡು ಬಾ.”

ಅಧ್ಯಕ್ಷರೇ, ತಾವು ಎಷ್ಟೋ ಪರೀಕ್ಷೆ ಬರೆದಿರಬಹುದು. ತಪ್ಪು ಉತ್ತರ ಕೊಟ್ಟರೆ ಎದುರಿಗಿರುವವರ ಬಿಪಿ ಏರುವಂಥ ಪರೀಕ್ಷೆ ಬರೆದಿದ್ದೀರಾ? ಮೊದಲ ದಿನವೇ ಆಮ್ಲ, ಪ್ರತ್ಯಾಮ್ಲಗಳನ್ನು ಅದಲುಬದಲು ಮಾಡಿದೆ. ಮೇಷ್ಟ್ರು ತುಟಿ ಬಿಗಿದು ಗೋಡೆಯ ಕಡೆ ಹೊರಳಿಕೊಂಡರು. ನಾನು ಬಟ್ಟೆ ಒಗೆಯುವ ಕೋಣೆಗೆ ಓಡಿ, ಒದ್ದೆ ಚಾದರಗಳ ನಡುವೆ ನಿಂತು ಪುಸ್ತಕ ಓದಿ, ಮರಳಿ ಬಂದು ಉತ್ತರ ಒಪ್ಪಿಸಿದ ಮೇಲೆಯೇ ಮಾತ್ರೆ ಒಳಗೆ ಹೋಯಿತು. ವಿಷಯ ತಿಳಿದ ದೊಡ್ಡ ಸಿಸ್ಟರ್ ಕೆಂಡಾಮಂಡಲವಾದರು. “ಮಾತ್ರೆ ಜೊತೆ ಆಟ ಆಡ್ತೀರಾ ಇಬ್ರೂ?” ಎಂದು ಬೈದು ಹೊರಟವರು ಬಾಗಿಲಲ್ಲಿ ತಿರುಗಿ ನಿಂತು, “ನಾಳೆ ಯಾವ ಪಾಠ ಅಂತ ಇವತ್ತೇ ಕೇಳಿಟ್ಕೋ. ಹೊತ್ತು ಮೀರಬಾರ್ದು” ಎಂದರು. ಕಾಲೇಜಿನ ಬೆಂಚಿನ ಮೇಲೆ ತಲೆಗೆ ಹತ್ತದಿದ್ದದ್ದು ಮೇಷ್ಟ್ರ ಮಂಚದ ಪಕ್ಕದಲ್ಲಿ ಹತ್ತಿತು. ಅವರ ಬಿಪಿ ಹತೋಟಿಗೆ ಬಂತು, ನಾನು ಪಾಸಾದೆ. ಒಂದು ದಿನವೂ ಬಿಡದೆ ನಡೆದ ಈ ಪಾಠಕ್ಕೆ ನಿರಂತರತೆ ಎನ್ನದೆ ಮತ್ತೇನೆನ್ನುತ್ತೀರಿ?

ಇರಲಿ, ತಮ್ಮ ನಿಯಮವನ್ನೇ ಆಸ್ಪತ್ರೆಗೆ ಒಯ್ದು ನೋಡೋಣ. ಮೊದಲ ತುತ್ತು ಉಗುಳಿದ ಅಜ್ಜಿಗೆ ಎರಡನೇ ತುತ್ತು ಕೊಡುವಂತಿಲ್ಲ. ಒಮ್ಮೆ ಸಡಿಲವಾದ ಬ್ಯಾಂಡೇಜನ್ನು ಮತ್ತೆ ಕಟ್ಟುವಂತಿಲ್ಲ. ಕಳೆದ ಸಲ ತಾವು ರಕ್ತ ಪರೀಕ್ಷೆಗೆ ಕೈ ಚಾಚಿದಾಗ ನರ ಮೊದಲ ಸಲ ಚುಚ್ಚಿದಾಗಲೇ ಸಿಕ್ಕಿತ್ತೇ? ಸಿಗದಿದ್ದರೆ, ‘ನಿರಂತರತೆಯ ಕೊರತೆ’ ಎಂದು ತೋಳು ಇಳಿಸಿಕೊಂಡು ಎದ್ದು ಬಂದಿರಾ?

ತಮಾಷೆ ಸಾಕು. ಹೋದ ತಿಂಗಳು ಮೇಷ್ಟ್ರಿಗೆ ಉಸಿರು ಕಟ್ಟಿತು. ದೊಡ್ಡ ಸಿಸ್ಟರ್ ಒಳಗಿದ್ದರು, ನಾನು ಬಾಗಿಲ ಹೊರಗೆ. ಅಂಥ ಹೊತ್ತಿನಲ್ಲಿ ಸಹಾಯಕಿಯರು ಒಳಗಿರಬಾರದು. ಆ ನಿಯಮದ ಮೇಲೆ ನನಗೆ ಸಿಟ್ಟಿಲ್ಲ, ಒಳಗಿದ್ದರೂ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ನನಗೆ ಅಳು ಬಂದದ್ದು ಅದಕ್ಕೇ. ಅವರು ಚೇತರಿಸಿಕೊಂಡರು, ಸದ್ಯ. ಆದರೆ ಇನ್ನೊಮ್ಮೆ ಹಾಗಾದಾಗ ನಾನು ಒಳಗಿರಬೇಕು, ಕೆಲಸ ಬಲ್ಲವಳಾಗಿ ಇರಬೇಕು. ಬರುವ ವರ್ಷಕ್ಕೆ ನನ್ನ ವಯಸ್ಸು ತಮ್ಮ ಮಿತಿ ದಾಟುತ್ತದೆ. ಈ ಸಲ ತಪ್ಪಿದರೆ ಮುಂದೆ ದಾರಿಯಿಲ್ಲ.

ನನಗೆ ಸೀಟನ್ನು ದಾನ ಮಾಡಬೇಡಿ. ಮೊದಲ ಪ್ರಯತ್ನದ ನಿಯಮವನ್ನು ಕೈಬಿಟ್ಟು, ನನ್ನಂಥವರನ್ನೂ ಸಂದರ್ಶನಕ್ಕೆ ಕರೆಯಿರಿ. ಎದುರು ಕೂರಿಸಿಕೊಂಡು ಎಷ್ಟು ಬೇಕಾದರೂ ಪ್ರಶ್ನೆ ಕೇಳಿ. ನನಗೆ ಅಭ್ಯಾಸವಿದೆ.

ತಿರಸ್ಕಾರದ ಸುದ್ದಿ ತಿಳಿದ ಮೇಷ್ಟ್ರು ಇಂದು ಬೆಳಿಗ್ಗೆ ರಸಾಯನಶಾಸ್ತ್ರ ಬಿಟ್ಟು ಬೇರೆ ಪ್ರಶ್ನೆ ಕೇಳಿದರು. “ಅವರು ನಿನ್ನ ಕರೀತಾರಾ, ಇಲ್ವಾ?”

ನಾನು ಅಂಗೈಯಲ್ಲಿ ಮಾತ್ರೆ ಹಿಡಿದು ನಿಂತಿದ್ದೆ. “ಕರೀತಾರೆ ಮೇಷ್ಟ್ರೇ” ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಬಾಯಿ ತೆರೆದು ನುಂಗಿದರು. ನನ್ನ ಉತ್ತರ ಸರಿಯೋ ತಪ್ಪೋ, ತಾವೇ ಹೇಳಬೇಕು.

ಇಂತಿ,
ಮೊದಲ ದಿನವೊಂದನ್ನು ಬಿಟ್ಟು ಎಂದೂ ಮಾತ್ರೆಗೆ ತಡಮಾಡದ,
ಆದರೂ ನಿರಂತರತೆಯ ಕೊರತೆಯಿಂದ ಬಳಲುತ್ತಿರುವ
ಒಬ್ಬ ಸಹಾಯಕಿ