ನಲವತ್ತೊಂದನೇ ನಿವೇಶನ

ಸೀದಿ ಸರ್ಹಾನ್
ಸೋಮವಾರ, ಮಧ್ಯಾಹ್ನದ ನಮಾಜು ಮುಗಿದ ಮೇಲೆ

ನನ್ನ ಕರುಳ ಕುಡಿ ಗಿಜ್ಲಾನ್,

ಅಲ್ಲಾಹು ನಿನ್ನನ್ನು, ಜವಾದನನ್ನು, ಮಗುವನ್ನು ತಣ್ಣಗಿಟ್ಟಿರಲಿ. ನನ್ನ ಅಕ್ಷರ ನೋಡಿ ನಗಬೇಡ ಮಾರಾಯ್ತಿ. ಅರವತ್ತೆರಡು ದಾಟಿದ ಮೇಲೆ ಮಸೀದಿಯ ಹೆಂಗಸರ ತರಗತಿಯಲ್ಲಿ ಕೂತು ಕಲಿತ ಅಕ್ಷರ ಇದು, ಗೆರೆಯ ಮೇಲೆ ನಿಲ್ಲುವುದಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಧ್ವನಿ ಕಳಿಸೋಣವೆಂದರೆ ಅದನ್ನು ಕಾರಿನಲ್ಲಿ ಹಾಕುತ್ತೀಯ, ಜವಾದನೂ ಕೇಳುತ್ತಾನೆ. ಇದು ಅಳಿಯ ಕೇಳುವ ಮಾತಲ್ಲ. ಅದಕ್ಕೇ ಕಾಗದ. ಟ್ಯಾಕ್ಸಿಯ ಮಅತಿ ಸಂಜೆಯೊಳಗೆ ಕಾಸಾಬ್ಲಾಂಕಾದ ನಿನ್ನ ಔಷಧಿ ಅಂಗಡಿಗೇ ತಂದು ಕೊಡುತ್ತೇನೆ ಎಂದಿದ್ದಾನೆ.

ಗುರುವಾರ ನಾನು ನೋಟರಿಯ ಹತ್ತಿರ ಬರುವುದಿಲ್ಲ. ಆ ಮನೆ ನನಗೆ ಬೇಡ. ಅಮ್ಮ ಬರದಿದ್ದರೇನಂತೆ ಎಂದು ನೀನು ನಿನ್ನ ಹೆಸರಿಗೂ ಬರೆಸಿಕೊಳ್ಳಬೇಡ. ನಿನ್ನ ಹಣೆಗೆ ಮುತ್ತಿಟ್ಟು ಬೇಡುತ್ತೇನೆ, ಆ ಕಾಗದಕ್ಕೆ ಸಹಿ ಹಾಕಬೇಡ.

ಈಗ ನಿನಗೆ ಸಿಟ್ಟು ಬಂದಿರುತ್ತದೆ, ಗೊತ್ತು. ಪಾಪ, ಎಷ್ಟು ಆಸೆಯಿಂದ ಹೇಳಿದ್ದೆ ನೀನು. "ಅಮ್ಮಾ, ಮೂರನೇ ಮಹಡಿ ಹತ್ತಿ ಇಳ್ದೂ ಇಳ್ದೂ ನಿನ್ ಮಂಡಿ ಸವೆದೋಯ್ತು. ನೀನು ಹುಟ್ಟಿದ ಮಣ್ಣಲ್ಲೇ ನಿಂಗೊಂದು ಮನೆ ಮಾಡ್ತೀನಿ. ಬಾಗ್ಲು ತೆಗೆದ್ರೆ ಗಾಲ್ಫ್ ಹುಲ್ಲು, ಹುಲ್ಲಿನಾಚೆ ಹಿನ್ನೀರು, ಹಿನ್ನೀರ ತುಂಬ ರಾಜಹಂಸ." ಮನೆ ಕಟ್ಟಿ ಮಾರುವ ಕಂಪನಿಯವರ ಬಣ್ಣದ ಪುಸ್ತಕ ತೆರೆದು ತೋರಿಸಿದೆ. ಹಕ್ಕಿ ನೋಡುವ ಗೂಡು, ದೋಣಿ, ಚೆಂಡಾಟದ ಬಯಲು. ಆರನೇ ಪುಟದಲ್ಲಿ ಕೆಸರಿನಲ್ಲಿ ಬಗ್ಗಿ ಚಿಪ್ಪಿ ಆಯುವ ಒಬ್ಬ ಹೆಂಗಸಿನ ಬೆನ್ನಿನ ಚಿತ್ರವಿತ್ತು, ಕೆಳಗೆ 'ಇಲ್ಲಿನ ಸಹಜ ಬದುಕು' ಎಂದಿತ್ತು. ನೀನು ಗಮನಿಸಲಿಲ್ಲ. ಅದು ನಿನ್ನ ಚಿಕ್ಕಮ್ಮ ತಾಮುವಿನ ಬೆನ್ನು. ಆ ಬೆನ್ನನ್ನು ಎಲ್ಲಿ ಕಂಡರೂ ನಾನು ಗುರುತು ಹಿಡಿಯುತ್ತೇನೆ, ಅದರ ಮೇಲೆ ನಾನು ಮಾಡಿದ ಗಾಯದ ಕಲೆಯಿದೆ. ಚಿಕ್ಕವರಿದ್ದಾಗ ಬ್ರೆಡ್ಡಿನ ತುಂಡಿಗೆ ಜಗಳವಾಡಿ ತಳ್ಳಿದ್ದೆ.

ತಮಾಷೆ ನೋಡು. ಪುಸ್ತಕದಲ್ಲಿ ಅವಳ ಚಿತ್ರ ಹಾಕಿದವರೇ ಹಿನ್ನೀರಿಗೆ ಇಳಿಯುವ ದಾರಿಗೆ ಬೇಲಿ ಹಾಕಿ, 'ಹಕ್ಕಿಗಳ ನೆಮ್ಮದಿ ಕೆಡಿಸಬೇಡಿ' ಎಂದು ಹಲಗೆ ನೆಟ್ಟಿದ್ದಾರೆ. ನಮ್ಮಜ್ಜಿಯ ಕಾಲದಿಂದ ಕಡಲು ಇಳಿದ ಹೊತ್ತಿಗೆ ಹೆಂಗಸರು ಅಲ್ಲೇ ಚಿಪ್ಪಿ ಆಯುತ್ತಿದ್ದರು. ಯಾವ ರಾಜಹಂಸವೂ ದೂರು ಕೊಟ್ಟಿರಲಿಲ್ಲ!

ನಲವತ್ತೊಂದನೇ ನಿವೇಶನ ಎಂದರೆ ತಾಮುವಿನ ಮನೆ ನಿಂತ ಜಾಗ. ನಿನಗೂ ಗೊತ್ತು. ಅವಳೆಲ್ಲಿಗೆ ಹೋಗಬೇಕು ಎಂದು ನಾನು ಕೇಳಿದಾಗ ನೀನೇನೆಂದೆ? "ಚಿಕ್ಕಮ್ಮ ತನ್ನ ಪಾಲು ಇಸ್ಕೊಂಡು ಸ್ಪೇನಲ್ಲಿ ಉಡಾಯಿಸಿ ಬಂದ್ಲು ಅಂತ ನೀನೇ ತಾನೇ ಹೇಳಿದ್ದು? ಈಗ ಕಾಗದ ಇಲ್ಲ, ಪತ್ರ ಇಲ್ಲ, ಜಾಗ ಬಿಡಲ್ಲ ಅಂತ ಕೂತ್ರೆ ಯಾರೇನ್ ಮಾಡ್ಲಿ? ಪೇಟೇಲಿ ಒಂದು ಕೋಣೆ ಹಿಡ್ದು ಕೊಡ್ತೀನಿ ಬಿಡು." ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಮಗಳೇ. ನೀನೇ ತಾನೇ ಹೇಳಿದ್ದು ಎಂದೆಯಲ್ಲ, ಹೌದು, ನಾನೇ ಹೇಳಿದ್ದು. ಹನ್ನೆರಡು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು.

ತಾಮು ಯಾವ ಪಾಲನ್ನೂ ಇಸ್ಕೊಳ್ಳಲಿಲ್ಲ. ಅವಳಿಗೆ ಸಿಗಲೇ ಇಲ್ಲ. ಸಿಗದ ಹಾಗೆ ಮಾಡಿದವರಲ್ಲಿ ನಾನೂ ಒಬ್ಬಳು.

ಈ ಬಯಲು ಯಾರೊಬ್ಬರ ಹೆಸರಿನಲ್ಲೂ ಇರಲಿಲ್ಲ, ಇಡೀ ಕುಲದ್ದು. ಕಂಪನಿಗೆ ಕೊಟ್ಟಾಗ ಪಾಲುದಾರರ ಪಟ್ಟಿ ಬರೆದವನು ನಿನ್ನ ಸೋದರಮಾವ ಬೂಶೈಬ್. ಕುಲದ ಪರವಾಗಿ ಸರ್ಕಾರದ ಎದುರು ಮಾತಾಡುವ ಹಕ್ಕು ಅವನದಾಗಿತ್ತು. ಮೊದಲೆಲ್ಲ ಹೆಂಗಸರಿಗೆ ಚೂರೂ ಕೊಡುತ್ತಿರಲಿಲ್ಲ. ಹೆಂಗಸರು ರಾಜಧಾನಿಗೆ ಹೋಗಿ ಬೀದಿಯಲ್ಲಿ ಕೂತು ಗದ್ದಲ ಮಾಡಿದ ಮೇಲೆ, ಊರಲ್ಲೇ ಇರುವ ಹೆಂಗಸಿಗೂ ಕೊಡಬೇಕು, ಊರು ಬಿಟ್ಟವಳಿಗೆ ಇಲ್ಲ ಎಂದಾಯಿತು. ಪಟ್ಟಿ ಬರೆಯುವ ವರ್ಷ ತಾಮು ಸ್ಪೇನಿನ ಸ್ಟ್ರಾಬೆರಿ ತೋಟಕ್ಕೆ ಮೂರು ತಿಂಗಳ ಕೂಲಿಗೆ ಹೋಗಿದ್ದಳು. ಆ ಕೂಲಿಗೆ ಚಿಕ್ಕ ಮಕ್ಕಳಿರುವ ತಾಯಂದಿರನ್ನೇ ಆರಿಸುತ್ತಿದ್ದರಲ್ಲ, ಮಗು ಇಲ್ಲಿದ್ದರೆ ತಾಯಿ ತಿರುಗಿ ಬಂದೇ ಬರುತ್ತಾಳೆ ಅಂತ. ಅವಳ ಮಗಳು ಸಫಾಗೆ ಆಗ ಏಳು ವರ್ಷ. ನಮ್ಮ ಮನೆಯಲ್ಲೇ ಇದ್ದಳು. ನೀನೇ ಅವಳ ತಲೆ ಬಾಚುತ್ತಿದ್ದೆ, ನೆನಪಿದೆಯಾ?

ಬೂಶೈಬ್ ಅಣ್ಣ ಒಂದು ಕಾಗದ ಹಿಡಿದು ಬಂದ. ತಾಮು ಊರು ಬಿಟ್ಟು ಹೋಗಿದ್ದಾಳೆ, ತಿರುಗಿ ಬರುವುದಿಲ್ಲ ಎಂದು ಒಡಹುಟ್ಟಿದವಳು ಸಾಕ್ಷಿ ಹೇಳಿದಂತೆ ಬರೆದಿತ್ತು. ನನಗೆ ಆಗ ಓದಲು ಬರುತ್ತಿರಲಿಲ್ಲ ಎಂದು ಹೇಳಿ ಈಗ ತಪ್ಪಿಸಿಕೊಳ್ಳಬಹುದು. ನನಗೇ ನಾನು ಎಷ್ಟೋ ಸಲ ಹಾಗೆ ಹೇಳಿಕೊಂಡಿದ್ದೇನೆ. ಆದರೆ ಅಣ್ಣ ಓದಿ ಹೇಳಿದ, ಒಂದಲ್ಲ ಎರಡು ಸಲ. "ಅವಳ ಪಾಲು ನಿಂಗೇ ಬರತ್ತೆ ಮಹ್ಜೂಬಾ. ಗಿಜ್ಲಾನ್ ಔಷಧಿ ಓದ್ಬೇಕು ಅಂತಾಳೆ ಅಲ್ವಾ, ಎಲ್ಲಿಂದ ತರ್ತೀಯ? ತಾಮುಗೆ ಸ್ಪೇನ್ ಇದೆ, ನಿಂಗೇನಿದೆ?" ಎಂದ. ಸಫಾ ನನ್ನ ತೊಡೆಯ ಮೇಲೆ ಕೂತು ರವೆ ರೊಟ್ಟಿ ತಿನ್ನುತ್ತಿದ್ದಳು. ಇವಳ ತಾಯಿ ತಿರುಗಿ ಬರುವುದಿಲ್ಲ ಎಂಬ ಕಾಗದಕ್ಕೆ, ಇವಳನ್ನು ತೊಡೆಯ ಮೇಲೆ ಕೂರಿಸಿಕೊಂಡೇ, ನಾನು ಹೆಬ್ಬೆಟ್ಟು ಒತ್ತಿದೆ. ಜೇನು ಮೆತ್ತಿದ ಕೈಯಲ್ಲಿ ಮಗು ನನ್ನ ಮಸಿ ಬೆರಳು ಹಿಡಿದು ನಕ್ಕಿತು.

ನಿನ್ನ ಓದು ಅದರಿಂದಲೇ ಆಯಿತು. ಇದನ್ನು ನಿನಗೆ ಹೇಳಬಾರದೆಂದೇ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ನಿನ್ನದೇನೂ ತಪ್ಪಿಲ್ಲ, ಕೇಳು, ಏನೇನೂ ಇಲ್ಲ.

ತಾಮು ಬಂದಳು. ಬರದೇ ಇರುತ್ತಾಳೆಯೇ? ಸಫಾಗೆ ಕೆಂಪು ಬೂಟು, ನಿನಗೆ ಸುಗಂಧದ ಬಾಟಲಿ, ನನಗೆ ಕಂಬಳಿ ಹೊತ್ತು ಬಂದಳು. ಪಟ್ಟಿ ಮುಚ್ಚಿತ್ತು. ಊರವರಿಗೆಲ್ಲ ಪೇಟೆಯಲ್ಲಿ ಬದಲಿ ಮನೆ ಸಿಕ್ಕಿತು, ಅವಳಿಗೆ ಇಲ್ಲ. ಇದು ಬೂಶೈಬನದೇ ಕೆಲಸ ಎಂದು ಅವನ ಬಾಗಿಲಲ್ಲಿ ನಿಂತು ಶಾಪ ಹಾಕಿದಳು. ನಾನು ಏನು ಮಾಡಿದೆ ಗೊತ್ತೇ? ಅವಳ ಪಕ್ಕದಲ್ಲಿ ನಿಂತು ನಾನೂ ಬೈದೆ. ಅವಳಿಗಿಂತ ಜೋರಾಗಿ ಬೈದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಗದಿರಲಿ ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡೆ. ಅಣ್ಣ ನನ್ನನ್ನು ನೋಡಿದ. ಸಾಯುವವರೆಗೂ ನನ್ನ ಹೆಸರು ಹೇಳಲಿಲ್ಲ. ಅವನನ್ನು ದೇವರು ಕ್ಷಮಿಸಲಿ, ನನಗಿಂತ ಅವನೇ ಮೇಲು.

ಅಂದಿನಿಂದ ಅವಳು ಆ ಮನೆಯಲ್ಲೇ ಕೂತಿದ್ದಾಳೆ. ಸಫಾ ಮದುವೆಯಾಗಿ ಅಗಾದಿರಿಗೆ ಹೋದ ಮೇಲೆ ಒಬ್ಬಳೇ. ಸುತ್ತ ಮೂರು ದಿಕ್ಕೂ ಹುಲ್ಲು, ಹುಲ್ಲಿಗೆ ದಿನವಿಡೀ ನೀರು ಚಿಮ್ಮುತ್ತದೆ, ಅವಳ ಬಾವಿ ಮಾತ್ರ ಉಪ್ಪಾಗಿದೆ. ಅಂಗಳಕ್ಕೆ ಗಾಲ್ಫ್ ಚೆಂಡುಗಳು ಬಂದು ಬೀಳುತ್ತವೆ. ಅವಳ ಒಂದು ಪೆದ್ದ ಕೋಳಿ ಇಪ್ಪತ್ತು ದಿನದಿಂದ ಚೆಂಡಿನ ಮೇಲೆ ಕಾವು ಕೂತಿದೆ. "ಮರಿ ಆದ್ರೆ ಕಂಪನಿಗೆ ಪಾಲು ಕೊಡಲ್ಲ ಕಣೇ" ಎಂದು ತಾಮು ನಗುತ್ತಾಳೆ.

ಆ ನಿವೇಶನ ನೋಡಲು ಬಂದವರೆಲ್ಲ ಅವಳ ಬಟ್ಟೆ ಹಗ್ಗ ನೋಡಿ ಹಿಂತಿರುಗಿದರು. ಒಬ್ಬರಿಗೂ ಮನಸ್ಸು ಬರಲಿಲ್ಲ. ಕೊಳ್ಳುವವರ ಸಹಿ ಬಿದ್ದ ಮೇಲೆಯೇ ಕಂಪನಿ ಜಾಗ ತೆರವು ಮಾಡುವುದು ಎಂದು ನೀನೇ ಹೇಳಿದೆ. ಹನ್ನೆರಡು ವರ್ಷದಲ್ಲಿ ಆ ಸಹಿಗೆ ಒಪ್ಪಿದವಳು ನೀನೊಬ್ಬಳೇ ಗಿಜ್ಲಾನ್. ಪರರು ಮಾಡಲು ಹಿಂಜರಿದದ್ದನ್ನು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಮಾಡಹೊರಟಿದ್ದಾಳೆ, ಅದೂ ನನಗೋಸ್ಕರ, ಅದೂ ನನ್ನ ಸುಳ್ಳು ನಂಬಿ. ನನ್ನ ಎದೆ ಒಡೆದುಹೋಗುತ್ತಿದೆ ಮಗಳೇ. ಮಣ್ಣು ಅಗೆಯುವ ಯಂತ್ರ ಆಗಲೇ ಬಂದು ಬೇಲಿಯ ಹತ್ತಿರ ನಿಂತಿದೆ.

ನಾನು ತಾಮುವಿನ ಮನೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಬೆಳಿಗ್ಗೆ ಬಟ್ಟೆ ಗಂಟು ಕಟ್ಟಿಕೊಂಡು ಬಂದೆ. ಗೇಟಿನವನು "ಎಲ್ಲಿಗೆ ಅಜ್ಜಿ, ಗುರುತಿನ ಚೀಟಿ ತೋರ್ಸಿ" ಎಂದ. "ನಾನು ಹುಟ್ಟಿದ ಮನೆಗೆ ಕಣಪ್ಪ, ನಿಮ್ಮಪ್ಪ ಹುಟ್ಟೋಕೆ ಮುಂಚಿಂದ ನನ್ ಗುರುತು ಇಲ್ಲಿದೆ" ಎಂದೆ. ಬಿಟ್ಟ.

ಬಂದವಳೇ ತಾಮುವಿಗೆ ಎಲ್ಲವನ್ನೂ ಹೇಳಿದೆ. ಹೆಬ್ಬೆಟ್ಟಿನದು, ನಿನ್ನ ಓದಿನದು, ಎಲ್ಲ. ಆಮೇಲೆ ನನ್ನ ಕೆನ್ನೆಗೆ ಒಂದು ಬಾರಿಸಿದಳು. ಆಮೇಲೆ ಚಹಾ ಸೋಸಿ ಕೊಟ್ಟಳು. ಆದದ್ದು ಆಯಿತು ಎಂದಳು. ಹಾಗಾಗಿ ನಮ್ಮಿಬ್ಬರ ನಡುವೆ ಇನ್ನು ಮುಚ್ಚುಮರೆ ಇಲ್ಲ, ಆ ಚಿಂತೆ ನಿನಗೆ ಬೇಡ. ನೀನು ಸಹಿ ಹಾಕದಿದ್ದರೆ ಸಾಕು. ನನ್ನ ಸಾಕ್ಷಿ ಸುಳ್ಳು ಎಂದು ನಾನೇ ಅಧಿಕಾರಿಯ ಮುಂದೆ ಬರೆದುಕೊಟ್ಟರೆ ಪಟ್ಟಿ ಮತ್ತೆ ತೆಗೆಸಬಹುದಂತೆ, ನಮ್ಮ ತರಗತಿಯ ಟೀಚರಮ್ಮ ಹೇಳಿದಳು. ನನ್ನನ್ನು ಒಳಗೆ ಹಾಕಿದರೆ ಹಾಕಲಿ. ಈ ಸಲ ಹೆಬ್ಬೆಟ್ಟಲ್ಲ, ಹೆಸರೇ ಬರೆಯುತ್ತೇನೆ.

ಮುಂಗಡ ಹೋಗುತ್ತದೆ ಎಂದು ಜವಾದ್ ಕೂಗಾಡಿದರೆ ಅತ್ತೆಗೆ ತಲೆ ಕೆಟ್ಟಿದೆ ಎಂದುಬಿಡು. ಮಗುವಿಗೆ ಮುತ್ತು ಕೊಡು. ನನ್ನ ಮೇಲೆ ಅಸಹ್ಯ ಬಂದರೆ ಬರಲಿ. ಆದರೆ ಸಹಿ ಬೇಡ.

ನಿನ್ನನ್ನು ಹೆತ್ತವಳು,
ಮಹ್ಜೂಬಾ

ಮರೆತ ಮಾತು: ಮರೆತದ್ದಲ್ಲ. ಮಅತಿ ಹೊರಗೆ ಹಾರನ್ ಹೊಡೆಯುತ್ತಿದ್ದಾನೆ, ಇದನ್ನು ಬರೆಯದೆ ಕಾಗದ ಮಡಚಲು ಕೈ ಬರುತ್ತಿಲ್ಲ. ತಾಮುವಿಗೆ ನಾನು ಏನೂ ಹೇಳಿಲ್ಲ. ಕೆನ್ನೆಗೆ ಹೊಡೆದದ್ದು, ಚಹಾ ಕೊಟ್ಟದ್ದು, ಎಲ್ಲ ಹಾಗಾದರೆ ಎಷ್ಟು ಚೆನ್ನ ಎಂದು ಬರೆದದ್ದು. ನಾನು ಗಂಟು ಹೊತ್ತು ಬಾಗಿಲಲ್ಲಿ ನಿಂತಾಗ ಅವಳು ನನ್ನನ್ನು ಅಪ್ಪಿಕೊಂಡು ಅತ್ತಳು. "ಇಡೀ ಕುಲದಲ್ಲಿ ನನ್ನ ಪಕ್ಕ ನಿಲ್ಲೋಕೆ ಬಂದವಳು ನನ್ನಕ್ಕ ಒಬ್ಬಳೇ" ಎಂದು ಗೇಟಿನವನಿಗೆ, ಹುಲ್ಲು ಕತ್ತರಿಸುವವನಿಗೆ, ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಳು. ಈಗ ನನ್ನ ಎದುರೇ ಕೂತು ನನಗೆಂದು ಚಿಪ್ಪಿ ಬಿಡಿಸುತ್ತಿದ್ದಾಳೆ. ಏನು ಬರೀತಿದ್ದೀಯ ಎಂದು ಕೇಳಿದಳು. ಮಗಳಿಗೆ ಸಲಾಂ ಎಂದೆ. "ನನ್ದೂ ಒಂದು ಸಲಾಂ ಬರಿ" ಎಂದಳು. ಅವಳಿಗೆ ಓದಲು ಬಾರದು. ಬುಧವಾರ ಬಾ ಗಿಜ್ಲಾನ್. ಈ ಕಾಗದ ತಂದು, ಮೊದಲಿಂದ ಕೊನೆಯವರೆಗೆ, ನೀನೇ ಅವಳಿಗೆ ಓದಿ ಹೇಳು.