ಸೀದ ತುದಿಯ ಪಾಲು

ಮೇ 30
ಐದಕ್ಕೇ ಎದ್ದು ಒಲೆಗೆ ಮತ್ತೆ ಸೌದೆ ಹಾಕಿದೆ. ಹಿಕರಿ ಮರದ ಸೌದೆ ಇನ್ನೂ ಹಸಿ, ಬರೀ ಹೊಗೆ. ನಿನ್ನೆ ಸಂಜೆ ಇಟ್ಟ ದನದ ಎದೆಮಾಂಸ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಬೆಂದಿತ್ತು.

ಚರ್ಚಿನ ಹಜಾರದಲ್ಲಿ ಗಂಡಸರಿಗೆಲ್ಲ ರಕ್ತಪರೀಕ್ಷೆ. ಪ್ರಾಸ್ಟೇಟ್ ಕ್ಯಾನ್ಸರಿಗಂತೆ. ನರ್ಸ್ ಮಾಂಸದ ನಾಲ್ಕು ಚಿತ್ರ ಮುಂದಿಟ್ಟಳು, ಕೆಂಪಿನಿಂದ ಕಪ್ಪಿನವರೆಗೆ. "ನೀವು ತಿನ್ನೋದು ಯಾವ್ದು?" ಕ್ಯಾನ್ಸಾಸ್ ಸಿಟಿಯಲ್ಲಿ ಹುಟ್ಟಿ ಕರಿ ಅಂಚು ಬಿಟ್ಟವನುಂಟೇ? ಆದರೂ ಎರಡನೆಯದನ್ನು ತೋರಿಸಿದೆ. ಸುಳ್ಳು.

"ಸುಟ್ಟ ಮಾಂಸದಿಂದ್ಲೇ ಬರತ್ತೆ ಅಂತ ಇನ್ನೂ ಗಟ್ಟಿಯಾಗಿಲ್ಲ. ಆದ್ರೆ ನಮ್ಮ ಕಪ್ಪು ಗಂಡಸರಿಗೆ ಈ ಕಾಯಿಲೆ ಜಾಸ್ತಿ. ಅದಕ್ಕೇ ಕೇಳ್ತಿರೋದು" ಎಂದಳು.

ಜೂನ್ 9
ಫೋನ್ ಬಂತು. ರಕ್ತದ ಅಂಕಿ ಹನ್ನೊಂದು. ನಾಲ್ಕು ದಾಟಬಾರದಂತೆ. ಸೂಜಿ ಚುಚ್ಚಿ ಬಯಾಪ್ಸಿ ಮಾಡಿಸಬೇಕು.

ಅಡುಗೆಮನೆಯಿಂದ ವರ್ನೀಟಾ, "ಯಾರದು ಫೋನು?"

"ರಾಂಗ್ ನಂಬರ್."

ಹೆಂಡತಿಗೂ ಸುಳ್ಳು. ಭಯವಾಗುತ್ತಿದೆ.

ಜೂನ್ 13
ಅಣ್ಣ ಕ್ಲಿಯೋಫಸ್ ಸೌದೆ ಇಳಿಸಲು ಬಂದ. ಅರ್ಧಕ್ಕೇ ಕುಳಿತ. "ಬೆನ್ನು ಕಣೋ ಓಝೆಲ್. ವಯಸ್ಸಾಯ್ತು."

ಅಪ್ಪನೂ ಹೀಗೇ ಅನ್ನುತ್ತಿದ್ದ. ಇಪ್ಪತ್ತೆರಡು ವರ್ಷದ ಹಿಂದೆ ಬೆನ್ನುನೋವಿನಲ್ಲೇ ಹೋದ ಎಂದು ಎಲ್ಲರ ನಂಬಿಕೆ. ಆಸ್ಪತ್ರೆಯ ಕಾಗದ ಓದಿದ್ದು ನಾನೊಬ್ಬನೇ. ಅಮ್ಮ ಬಾಯಿ ಮುಚ್ಚಿಸಿದ್ದಳು...

ಜೂನ್ 19
ನಮ್ಮವರು ಗುಲಾಮಗಿರಿಯಿಂದ ಬಿಡುಗಡೆಯಾದ ದಿನದ ಹಬ್ಬ. ಚರ್ಚಿನ ಅಂಗಳದ ತುಂಬ ಜನ. ಎದೆಮಾಂಸದ ಮೊದಲ ಸೀದ ತುದಿಗಳು ಮನೆಯ ಹಿರಿಯನ ಪಾಲು — ಅಪ್ಪನ ಕಾಲದ ಪದ್ಧತಿ. ಅಣ್ಣ ತಟ್ಟೆ ಚಾಚಿದ. ಸೀದದ್ದು ಹಾಕಲು ಕೈ ಬರಲಿಲ್ಲ. ನಡುವಿನ ಮೆತ್ತನೆ ತುಂಡು ಹಾಕಿದೆ.

"ಏನೋ ಇದು? ನನಗೇನು ಹಲ್ಲು ಬಿದ್ದಿದೆಯಾ?" ಎಲ್ಲರೂ ನಕ್ಕರು.

"ಅಪ್ಪ ಬೆನ್ನುನೋವಿಂದ ಸಾಯ್ಲಿಲ್ಲ ಅಣ್ಣಾ. ಪ್ರಾಸ್ಟೇಟ್ ಕ್ಯಾನ್ಸರ್. ನಂಗೂ ಇರಬಹುದು ಅಂತಿದಾರೆ. ನೀನೂ ಬಂದು ತೋರಿಸ್ಕೋ."

ನಗು ನಿಂತಿತು. ವರ್ನೀಟಾ ಕುರ್ಚಿ ಹಿಡಿದು ಕುಳಿತಳು. ಅಣ್ಣ ತಟ್ಟೆಯನ್ನು ಮೇಜಿಗೆ ಕುಕ್ಕಿದ. "ಇಪ್ಪತ್ತೆರಡು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ಯೋ?"

ಕಾರು ಹತ್ತಿ ಹೋದ. ಕೇಳಿದ್ದು ನ್ಯಾಯವೇ.

ಜೂನ್ 27
ಅಣ್ಣ ಫೋನ್ ಎತ್ತುತ್ತಿಲ್ಲ.

ಜುಲೈ 1
ನನ್ನ ಬಯಾಪ್ಸಿ ಆಯಿತು. ಹೊರಗೆ ಬಂದರೆ ಬೆಂಚಿನ ಮೇಲೆ ಅಣ್ಣ! "ಡಾಕ್ಟರಿಗೆ ತೋರಿಸ್ದೆ. ನಂಗೂ ಚುಚ್ತಾರಂತೆ. ಈಗ್ಲಾದ್ರೂ ನನ್ನ ಪಾಲು ಕೊಡ್ತೀಯೇನೋ?"

ನಗುತ್ತಲೇ ಅತ್ತುಬಿಟ್ಟೆ.

ಜುಲೈ 22, ಆಸ್ಪತ್ರೆ, 10.40
ನನ್ನದರಲ್ಲಿ ಏನೂ ಇಲ್ಲ. ಬರೀ ಊತವಂತೆ. ವರ್ನೀಟಾ ಹೆಗಲಿಗೊರಗಿ ಬಿಕ್ಕಿದಳು.

ಅಣ್ಣ ತನ್ನ ಬಯಾಪ್ಸಿಯ ಫಲಿತಾಂಶ ಕೇಳಲು ಒಳಗೆ ಹೋಗಿ ಅರ್ಧ ಗಂಟೆ. ನನಗೆ ಐದೇ ನಿಮಿಷ ಹಿಡಿದಿತ್ತು.

ಬಾಗಿಲು ತೆರೆಯಿತು. ಅವನೇ. ಒಂದು ಕೈ ಬೆನ್ನಿನ ಮೇಲೆ. ನನ್ನನ್ನು ಕಂಡದ್ದೇ ಆ ಕೈ ಇಳಿಸಿ, ನಗಲು ಹೋಗಿ, "ಅಪ್ಪನ ಕಾಯಿಲೆಯೇ ಕಣೋ" ಎಂದ.